ಉದ್ಯಾನದ ಕಲ್ಲೂ ಜೀತದ ಸಂಕಲೆಯೂ

ಅಂಗಳದಲ್ಲೊಂದು ತುಳಸಿಯ ಕಟ್ಟೆ, ಹಿತ್ತಿಲಲ್ಲಿ ಎರಡು ಬಾಳೆ, ಒಂದು ಕರಿಬೇವು, ಬೇಲಿಯ ಮೇಲೆ ಹಬ್ಬಿದ ಮಲ್ಲಿಗೆಯ ಬಳ್ಳಿ; ಇಷ್ಟಿದ್ದರೆ ನಮ್ಮ ಹಿರಿಯರಿಗೆ ತೋಟದ ಆಸೆ ತೀರುತ್ತಿತ್ತು. ಮಣ್ಣು ಮನೆಯದು, ಗೊಬ್ಬರ ಕೊಟ್ಟಿಗೆಯದು, ನೀರು ಬಾವಿಯದು, ದುಡಿಮೆ ಮನೆಯವರದು. ಈಗ ಕಾಲವು ಬೇರೆಯಾಗಿದೆ. ಪಟ್ಟಣಗಳಲ್ಲಿ ಉದ್ಯಾನವನ್ನು ನಿರ್ಮಿಸಿಕೊಡುವುದೇ ಒಂದು ವ್ಯಾಪಾರವಾಗಿ ಬೆಳೆದಿದೆ. ಹುಲ್ಲುಹಾಸನ್ನು ಚಾಪೆಯಂತೆ ಸುತ್ತಿ ತಂದು ಹಾಸುತ್ತಾರೆ. ನಡೆಯುವ ದಾರಿಗೆ ಚಪ್ಪಡಿಯನ್ನೂ, ಪಾತಿಯ ಅಂಚಿಗೆ ಇಟ್ಟಿಗೆಯನ್ನೂ ಎಲ್ಲಿಂದಲೋ ತರಿಸುತ್ತಾರೆ. ಹದಿನೈದು ದಿನಗಳಲ್ಲಿ ಬರಿಯ ನೆಲವು ನಂದನವನವಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಆ ಕಲ್ಲನ್ನು ಸೀಳಿದವರು ಯಾರು, ಆ ಇಟ್ಟಿಗೆಯನ್ನು ತಟ್ಟಿದವರು ಯಾರು, ಅವರಿಗೆ ಕೂಲಿಯು ಮುಟ್ಟಿತೇ, ಬೇಡವೆನಿಸಿದರೆ ಆ ಕೆಲಸವನ್ನು ಬಿಟ್ಟುಹೋಗುವ ಸ್ವಾತಂತ್ರ್ಯವು ಅವರಿಗೆ ಇದ್ದಿತೇ ಎಂಬ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಕೇಳಬೇಕೆಂಬುದೇ ಈ ಲೇಖನದ ಉದ್ದೇಶ.

ದಾಸ್ಯವೆಂದೊಡನೆ ವಾಚಕರ ಮನಸ್ಸಿಗೆ ಸಂಕಲೆ, ಚಾವಟಿ, ಮನುಷ್ಯರನ್ನು ಹರಾಜು ಕೂಗುವ ಸಂತೆ ಇವೇ ಮೊದಲಾದ ಚಿತ್ರಗಳು ಬರುವುದು ಸಹಜ. ಅಂತಹ ದಾಸ್ಯಕ್ಕೆ ನ್ಯಾಯಾಲಯಗಳ ಬೆಂಬಲವು ನಮ್ಮ ದೇಶದಲ್ಲಿ ೧೮೪೩ನೆಯ ಇಸವಿಯ ಐದನೆಯ ಶಾಸನದಿಂದಲೇ ತಪ್ಪಿಹೋಯಿತು. ಆದರೆ ಕಬ್ಬಿಣದ ಸಂಕಲೆಯು ಕಳಚಿದ ಮೇಲೂ ಸಾಲದ ಸಂಕಲೆಯು ಉಳಿಯಿತು. ಇದು ಕಣ್ಣಿಗೆ ಕಾಣುವುದಿಲ್ಲ. ಆದಕಾರಣವೇ ಇದು ಹೆಚ್ಚು ಕಾಲ ಬಾಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮೊದಲಾದವು ೨೦೨೨ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ೨೦೨೧ರಲ್ಲಿ ಜಗತ್ತಿನಲ್ಲಿ ಬಲಾತ್ಕಾರದ ದುಡಿಮೆಗೆ ಸಿಕ್ಕಿದ್ದವರ ಸಂಖ್ಯೆ ೨ ಕೋಟಿ ೭೬ ಲಕ್ಷ.

ನಮ್ಮ ನುಡಿಯಲ್ಲಿ ಇದಕ್ಕೆ ಜೀತವೆಂದು ಹೆಸರು. ಈ ಶಬ್ದದ ಚರಿತ್ರೆಯೇ ಒಂದು ಪಾಠ. ಸಂಸ್ಕೃತದ 'ಜೀವಿತ' ಶಬ್ದವು ಕನ್ನಡದಲ್ಲಿ ತದ್ಭವವಾಗಿ 'ಜೀತ'ವಾಯಿತು. ಮೊದಲಲ್ಲಿ ಅದಕ್ಕೆ ಜೀವನೋಪಾಯ, ದುಡಿದವನಿಗೆ ಸಲ್ಲುವ ಸಂಬಳ ಎಂಬ ಗೌರವದ ಅರ್ಥವಿತ್ತು. ಬದುಕಿಸುವ ಸಂಬಳವೆಂಬ ಮಾತೇ ಬದುಕನ್ನು ಕಟ್ಟಿಹಾಕುವ ಬಂಧನಕ್ಕೆ ಹೆಸರಾದುದು ವಿಪರ್ಯಾಸವಲ್ಲದೆ ಮತ್ತೇನು? ಹಾಗೆಯೇ 'ವಿಷ್ಟಿ' ಎಂಬ ಶಬ್ದವು 'ಬಿಟ್ಟಿ'ಯಾಯಿತು. ಅರಸನ ಆಳುಗಳು ಕೂಲಿಯಿಲ್ಲದೆ ಹಿಡಿದು ಮಾಡಿಸುತ್ತಿದ್ದ ಕೆಲಸವೇ ವಿಷ್ಟಿ. ಇಂದು ನಾವು ಪುಕ್ಕಟೆಯಾಗಿ ಸಿಕ್ಕಿದ್ದನ್ನೆಲ್ಲ ಬಿಟ್ಟಿಯೆಂದು ಹೇಳಿ ನಗುತ್ತೇವೆ. ಅದರ ಹಿಂದೆ ಯಾರದೋ ಬೆವರು ಇತ್ತೆಂಬುದನ್ನು ಮರೆತಿದ್ದೇವೆ.

ಪ್ರಾಚೀನರಿಗೆ ಈ ವಿಷಯವು ಅಜ್ಞಾತವಾಗಿರಲಿಲ್ಲ. ಮನುವು ಏಳು ಬಗೆಯ ದಾಸರನ್ನೂ ನಾರದಸ್ಮೃತಿಯು ಹದಿನೈದು ಬಗೆಯವರನ್ನೂ ಎಣಿಸುತ್ತವೆ. ಸಾಲದಿಂದ ದಾಸನಾದವನೂ ನಾರದನ ಎಣಿಕೆಯಲ್ಲಿ ಸೇರಿದ್ದಾನೆ. ಶಾಸ್ತ್ರಕಾರರು ದಾಸ್ಯವನ್ನು ಒಪ್ಪಿಕೊಂಡಿದ್ದರೆಂಬ ಸತ್ಯವನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾಸರನ್ನೂ ಕರ್ಮಕರರನ್ನೂ ಕುರಿತ ಪ್ರಕರಣವೊಂದಿದ್ದು, ಒತ್ತೆಯಿಟ್ಟ ಮನುಷ್ಯನಿಂದ ಹೇಯವಾದ ಕೆಲಸಗಳನ್ನು ಮಾಡಿಸಿದರೆ ಒಡೆಯನು ಕೊಟ್ಟ ಹಣವು ಮುಳುಗಿಹೋಗುವುದೆಂದೂ, ತಕ್ಕ ಬಿಡುಗಡೆಯ ಹಣವನ್ನು ಕೊಟ್ಟರೂ ದಾಸನನ್ನು ಬಿಡದವನಿಗೆ ಹನ್ನೆರಡು ಪಣಗಳ ದಂಡವೆಂದೂ ಅಲ್ಲಿ ವಿಧಿಸಿದೆ. ಸಾಲ ಕೊಟ್ಟವನಿಗೆ ಸಾಲಗಾರನ ದೇಹದ ಮೇಲೆ ಅಪರಿಮಿತವಾದ ಹಕ್ಕಿಲ್ಲವೆಂಬುದು ಆ ಕಾಲದಲ್ಲೂ ತಿಳಿದಿದ್ದ ಧರ್ಮ.

ಹರಿಶ್ಚಂದ್ರನ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಸತ್ಯಕ್ಕಾಗಿ ಅರಸನು ರಾಜ್ಯವನ್ನು ತೊರೆದನು. ಋಷಿಯ ಋಣವನ್ನು ತೀರಿಸಲು ಹೆಂಡತಿಯನ್ನೂ ಮಗನನ್ನೂ ಮಾರಿದನು. ಕೊನೆಗೆ ತನ್ನನ್ನೇ ಮಾರಿಕೊಂಡು ಸ್ಮಶಾನವನ್ನು ಕಾದನು. ನಾನು ಪಾಠಶಾಲೆಯಲ್ಲಿ ಈ ಕಥಾಭಾಗವನ್ನು ಬೋಧಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಮೇಷ್ಟ್ರೇ, ಸಾಲ ಮಾಡಿದವನು ಅರಸ. ಲೋಹಿತಾಶ್ವ ಏನು ಸಾಲ ಮಾಡಿದ್ದ?" ಎಂದು ಕೇಳಿದನು. ತರಗತಿಯು ನಿಶ್ಶಬ್ದವಾಯಿತು. ಆ ಹುಡುಗನ ತಂದೆತಾಯಿಗಳು ಇಟ್ಟಿಗೆಯ ಗೂಡಿನಲ್ಲಿ ದುಡಿಯುವವರು. ಮಳೆಗಾಲವು ಮುಗಿದು ಗೂಡಿನ ಕೆಲಸವು ಮೊದಲಾದೊಡನೆ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಹೋಮಕ್ಕೆ ದರ್ಭೆಯನ್ನೂ ಸಮಿತ್ತನ್ನೂ ತರಲು ಕಾಡಿಗೆ ಹೋಗಿ ಹಾವು ಕಚ್ಚಿ ಸತ್ತ ಲೋಹಿತಾಶ್ವನು, ಹಿರಿಯರ ಋಣಕ್ಕೆ ದುಡಿದು ಮಡಿದ ಬಾಲಕನೆಂಬುದನ್ನು ವ್ಯಾಖ್ಯಾನಗಳಿಗಿಂತ ಆ ಹುಡುಗನು ಚೆನ್ನಾಗಿ ಬಲ್ಲವನಾಗಿದ್ದನು. ಪುರಾಣದಲ್ಲಿ ದೇವತೆಗಳು ಬಂದು ಮಗುವನ್ನು ಬದುಕಿಸಿದರು. ಇಟ್ಟಿಗೆಯ ಗೂಡಿಗೆ ದೇವತೆಗಳು ಬರುವುದಿಲ್ಲ, ತಹಸೀಲ್ದಾರರು ಬರಬೇಕು.

ಜೀತವು ಹೇಗೆ ನಡೆಯುತ್ತದೆಂಬುದನ್ನು ಇನ್ನು ಸ್ವಲ್ಪ ವಿವರಿಸುವೆನು. ಮದುವೆಯೋ ಕಾಯಿಲೆಯೋ ಬೆಳೆಯ ನಷ್ಟವೋ ಬಂದೊದಗಿದಾಗ ಬಡವನಿಗೆ ಒಂದು ಮೊತ್ತದ ಹಣವು ಬೇಕಾಗುತ್ತದೆ. ಮೇಸ್ತ್ರಿಯು ಬಂದು ಮುಂಗಡವನ್ನು ಕೊಡುತ್ತಾನೆ. ಕುಟುಂಬವೆಲ್ಲ ಗಣಿಗೋ ಗೂಡಿಗೋ ಹೊರಡುತ್ತದೆ. ಅಲ್ಲಿ ದಿನಗೂಲಿಯ ಲೆಕ್ಕವಿಲ್ಲ. ಸಾವಿರ ಇಟ್ಟಿಗೆಗೆ ಇಷ್ಟು, ಇಂತಿಷ್ಟು ಕಲ್ಲಿಗೆ ಇಷ್ಟು ಎಂಬ ಲೆಕ್ಕ. ಗಂಡನ ಹೆಸರೊಂದೇ ಪುಸ್ತಕದಲ್ಲಿರುತ್ತದೆ. ಹೆಂಡತಿಯ ಕೈಯೂ ಮಕ್ಕಳ ಕೈಯೂ ಆ ಒಂದು ಹೆಸರಿನಲ್ಲಿಯೇ ಅಡಗಿಹೋಗುತ್ತವೆ. ವಾರವಾರಕ್ಕೆ ಅಕ್ಕಿಬೇಳೆಗೆಂದು ಅಷ್ಟಿಷ್ಟು ಕೊಟ್ಟು ಉಳಿದುದನ್ನು ಮುಂಗಡಕ್ಕೆ ವಜಾ ಮಾಡುವರು. ಪುಸ್ತಕವು ಮಾಲೀಕನ ಪೆಟ್ಟಿಗೆಯಲ್ಲಿರುತ್ತದೆ. ಮಳೆ ಬಂದು ಕೆಟ್ಟ ಇಟ್ಟಿಗೆಯೂ, ಜ್ವರದಿಂದ ಮಲಗಿದ ದಿನಗಳೂ ಸಾಲಕ್ಕೆ ಸೇರುತ್ತವೆ. ಋತುವು ಮುಗಿದಾಗ ಸಾಲವು ತೀರಿರುವುದಿಲ್ಲ. ಮುಂದಿನ ವರ್ಷವೂ ಅಲ್ಲಿಗೇ ಬರಬೇಕು. ಬೇರೆ ಮಾಲೀಕನು ಆ ಬಾಕಿಯನ್ನು ಕಟ್ಟಿ ಕುಟುಂಬವನ್ನು ಕರೆದೊಯ್ಯುವುದೂ ಉಂಟು. ಕ್ರಯಪತ್ರವಿಲ್ಲದೆ ನಡೆಯುವ ಮನುಷ್ಯರ ಕ್ರಯವಿಕ್ರಯವೆಂದರೆ ಇದೇ.

ಮುಂಗಡವೆಲ್ಲವೂ ಜೀತವೇ ಎಂದು ವಾಚಕರು ಕೇಳಬಹುದು. ಅಲ್ಲ. ಕಷ್ಟಕಾಲದಲ್ಲಿ ಆಳಿಗೆ ಕೈಗಡ ಕೊಡುವುದು ಸಜ್ಜನರ ನಡತೆಯೇ ಆಗಿದೆ. ನಮ್ಮ ಸಂಸತ್ತು ೧೯೭೬ರಲ್ಲಿ ಮಾಡಿದ ಜೀತಪದ್ಧತಿ ನಿರ್ಮೂಲನ ಶಾಸನವು ಈ ಎರಡಕ್ಕೂ ನಡುವಣ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಮುಂಗಡದ ಕಾರಣದಿಂದ ಒಬ್ಬನು ಬೇರೆಡೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನಾಗಲಿ, ದೇಶದಲ್ಲಿ ಬೇಕಾದೆಡೆಗೆ ಸಂಚರಿಸುವ ಸ್ವಾತಂತ್ರ್ಯವನ್ನಾಗಲಿ, ತನ್ನ ದುಡಿಮೆಯನ್ನು ಪೇಟೆಯ ಬೆಲೆಗೆ ಮಾರುವ ಹಕ್ಕನ್ನಾಗಲಿ ಕಳೆದುಕೊಂಡರೆ, ಅಥವಾ ಕೂಲಿಯಿಲ್ಲದೆಯೋ ಹೆಸರಿಗೆ ಮಾತ್ರದ ಕೂಲಿಗೋ ದುಡಿಯಬೇಕಾದರೆ, ಅದು ಜೀತ. ಆ ಶಾಸನವು ದೇಶದ ನಾನಾ ಭಾಗಗಳ ಪದ್ಧತಿಗಳನ್ನು ಹೆಸರಿಸಿ ಪಟ್ಟಿಮಾಡಿದೆ. ನಮ್ಮ 'ಜೀತ'ವೂ, ತಮಿಳರ 'ವೆಟ್ಟಿ'ಯೂ, ರಾಜಸ್ಥಾನದ 'ಸಾಗ್ರಿ'ಯೂ ಒಂದೇ ಸಾಲಿನಲ್ಲಿ ನಿಂತಿವೆ. ದೇಶವು ವಿಶಾಲವಾದರೂ ಬಡವನ ದುಃಖವು ಎಲ್ಲೆಡೆಯೂ ಒಂದೇ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಈ ಶಾಸನದಿಂದ ಜೀತದ ಸಾಲವೆಲ್ಲವೂ ರದ್ದಾಯಿತು. ಅದನ್ನು ತೀರಿಸುವ ಹೊಣೆಯೇ ಇಲ್ಲ. ಇದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ಸಾಧಿಸುವ ಭಾರವು ಸಾಲ ಕೊಟ್ಟವನದು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಎರಡು ಸಾವಿರ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ನಮ್ಮ ಸಂವಿಧಾನದ ೨೩ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ ಬಿಟ್ಟಿಯ ದುಡಿಮೆಯನ್ನೂ ಮೊದಲೇ ನಿಷೇಧಿಸಿದ್ದಿತು. ದೆಹಲಿಯ ಏಷ್ಯಾ ಕ್ರೀಡೆಗಳ ಕಟ್ಟಡಗಳಲ್ಲಿ ದುಡಿದವರ ವಿಷಯವಾಗಿ ೧೯೮೨ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲಾತ್ಕಾರದ ದುಡಿಮೆಯೇ, ಹಸಿವೂ ಒಂದು ಬಲಾತ್ಕಾರವೇ ಎಂಬ ಅಭಿಪ್ರಾಯವನ್ನು ಸಾರಿತು. ಮರುವರ್ಷ ಡಿಸೆಂಬರಿನಲ್ಲಿ, ಫರೀದಾಬಾದಿನ ಕಲ್ಲುಗಣಿಗಳ ಜೀತಗಾರರ ಪರವಾಗಿ ಬಂದ ಒಂದು ಕಾಗದವನ್ನೇ ದೂರಿನ ಅರ್ಜಿಯೆಂದು ಸ್ವೀಕರಿಸಿ, ಅವರನ್ನು ಗುರುತಿಸಿ ಬಿಡಿಸಿ ನೆಲೆಗೊಳಿಸುವುದು ಸರ್ಕಾರದ ಕರ್ತವ್ಯವೆಂದು ಅದೇ ನ್ಯಾಯಾಲಯವು ವಿಧಿಸಿತು.

ಈಗ ಉದ್ಯಾನದ ಕಲ್ಲಿಗೆ ಬರೋಣ. ರಾಜಸ್ಥಾನದ ಕೋಟಾ ಮತ್ತು ಬೂಂದಿ ಜಿಲ್ಲೆಗಳ ಮರಳುಗಲ್ಲು ಹಾಳೆಹಾಳೆಯಾಗಿ ಸೀಳುವ ಗುಣವುಳ್ಳದ್ದು. ಇಂಗ್ಲೆಂಡಿನ ಮನೆಗಳ ತೋಟಗಳಲ್ಲಿ ಹಾಸುವ ಚಪ್ಪಡಿಗಳಲ್ಲಿ ಬಹಳಷ್ಟು ಈ ಸೀಮೆಯಿಂದ ಹಡಗೇರಿ ಹೋದುದು. ಬೂಂದಿಯ ಬುಧಪುರ ಎಂಬ ಗ್ರಾಮದಲ್ಲಿ ಗಣಿಯಿಂದ ಎಸೆದ ಚೂರುಗಲ್ಲನ್ನು ಮನೆಯಂಗಳಕ್ಕೆ ತಂದು, ಸುತ್ತಿಗೆ ಉಳಿಗಳಿಂದ ಚೌಕವಾಗಿ ಕಡಿದು, ದಾರಿಗೆ ಹಾಸುವ ಸಣ್ಣ ಗುಂಡುಗಳನ್ನು ಮಾಡುತ್ತಾರೆ. ಹೆಂಗಸರೂ ಮಕ್ಕಳೂ ಈ ಕೆಲಸದಲ್ಲಿ ತೊಡಗಿದ್ದುದನ್ನು ತನಿಖೆ ಮಾಡಿದವರು ಅನೇಕಾವರ್ತಿ ವರದಿ ಮಾಡಿದ್ದಾರೆ. ಮರಳುಗಲ್ಲಿನ ಧೂಳು ಪುಪ್ಪುಸವನ್ನು ಹೊಕ್ಕರೆ ಸಿಲಿಕೋಸಿಸ್ ಎಂಬ ರೋಗವು ಅಂಟುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಗಂಡನು ಈ ರೋಗದಿಂದ ಸತ್ತರೆ ಅವನು ತೆಗೆದುಕೊಂಡ ಮುಂಗಡವು ವಿಧವೆಯ ಮೇಲೆ, ಅವಳಿಂದ ಮಗನ ಮೇಲೆ ಇಳಿಯುತ್ತದೆ. ರಾಜಸ್ಥಾನವು ಸಾಗ್ರಿಯನ್ನು ೧೯೬೧ರಲ್ಲಿಯೇ ನಿಷೇಧಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ನಿಷೇಧವೊಂದೇ ಸಾಲದು.

ಇದು ದೂರದ ಮಾತೆಂದು ಕನ್ನಡಿಗರು ಸಮಾಧಾನ ಪಡುವಂತಿಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣಗಳ ಗ್ರಾನೈಟ್ ಗಣಿಗಳನ್ನು ಕುರಿತು ೨೦೧೭ರಲ್ಲಿ ನೆದರ್ಲೆಂಡ್ಸಿನ ಸಂಸ್ಥೆಗಳು ಪ್ರಕಟಿಸಿದ ವರದಿಯು, ದೊಡ್ಡ ಮುಂಗಡಗಳಿಂದ ಕೆಲಸಗಾರರನ್ನು ಕಟ್ಟಿಹಾಕುವುದನ್ನೂ, ಚೂರುಗಲ್ಲಿನ ಕೆಲಸದಲ್ಲಿ ಮಕ್ಕಳಿರುವುದನ್ನೂ, ರಕ್ಷಣೆಯ ಸಾಧನಗಳಿಲ್ಲದಿರುವುದನ್ನೂ ಎತ್ತಿ ತೋರಿಸಿತು. ಆ ಕಲ್ಲು ಪರದೇಶಗಳಲ್ಲಿ ಅಡಿಗೆಮನೆಯ ಕಟ್ಟೆಯಾಗಿಯೂ ಬೀದಿಯ ಹಾಸಾಗಿಯೂ ಗೋರಿಯ ಫಲಕವಾಗಿಯೂ ಪರಿಣಮಿಸುತ್ತದೆ. ನಮ್ಮ ಬಡಾವಣೆಗಳ ಅಂಗಳಗಳಿಗೂ ಬರುತ್ತದೆ.

ಈ ಪಾಪವು ಬಡದೇಶಗಳಿಗೆ ಮಾತ್ರ ಅಂಟಿದ್ದೆಂದು ತಿಳಿಯುವುದೂ ತಪ್ಪು. ೨೦೧೧ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನಲ್ಲಿ, ಲೇಟನ್ ಬಜರ್ಡ್ ಎಂಬ ಊರಿನ ಸಮೀಪದ ಬಿಡಾರವೊಂದನ್ನು ಪೊಲೀಸರು ಮುತ್ತಿ ೨೪ ಮಂದಿ ಗಂಡಸರನ್ನು ಬಿಡಿಸಿದರು. ಅಲ್ಲಿದ್ದವರಲ್ಲಿ ಅನೇಕರು ಮನೆಮಾರಿಲ್ಲದವರು, ಕುಡಿತಕ್ಕೆ ಸಿಕ್ಕಿದವರು. ಧರ್ಮಛತ್ರಗಳ ಬಾಗಿಲಲ್ಲಿ ಗಂಜಿಗಾಗಿ ನಿಂತಿದ್ದಾಗ ಊಟ, ವಸತಿ, ಸಂಬಳಗಳ ಆಸೆಯನ್ನು ತೋರಿಸಿ ಅವರನ್ನು ಕರೆತಂದಿದ್ದರು. ಅವರಿಂದ ಮಾಡಿಸುತ್ತಿದ್ದ ಕೆಲಸವು ಮನೆಗಳ ಮುಂದಿನ ದಾರಿಗೆ ಕಲ್ಲುಗಳನ್ನು ಹಾಸುವುದು! ಮರುವರ್ಷ ನ್ಯಾಯಾಲಯವು ಅಪರಾಧಿಗಳಿಗೆ ಸೆರೆವಾಸವನ್ನು ವಿಧಿಸಿತು. ಆ ಮನೆಗಳ ಯಜಮಾನರು ಕಲ್ಲು ಹಾಸುವವರನ್ನು ದಿನವೆಲ್ಲ ಕಣ್ಣೆದುರಿಗೆ ಕಂಡವರೇ. ಕಂಡದ್ದು ಕೆಲಸವನ್ನು, ಕಾಣದೆ ಹೋದದ್ದು ಮನುಷ್ಯನನ್ನು.

ಇಂತಹ ಪ್ರಕರಣಗಳು ಬೆಳಕಿಗೆ ಬಂದಮೇಲೆ ಆ ದೇಶವು ೨೦೧೫ರಲ್ಲಿ ಆಧುನಿಕ ದಾಸ್ಯವನ್ನು ಕುರಿತ ಶಾಸನವನ್ನು ಮಾಡಿತು. ಅದರ ೫೪ನೆಯ ಪ್ರಕರಣದಂತೆ, ವರ್ಷಕ್ಕೆ ೩ ಕೋಟಿ ೬೦ ಲಕ್ಷ ಪೌಂಡು ಅಥವಾ ಅದಕ್ಕಿಂತ ಹೆಚ್ಚಿನ ವಹಿವಾಟುಳ್ಳ ಪ್ರತಿಯೊಂದು ವ್ಯಾಪಾರಸಂಸ್ಥೆಯೂ, ತನ್ನ ಕೆಲಸದಲ್ಲಿಯೂ ತನಗೆ ಸರಕನ್ನು ಒದಗಿಸುವವರ ಕೆಲಸದಲ್ಲಿಯೂ ದಾಸ್ಯವಿಲ್ಲದಂತೆ ಏನೇನು ಕ್ರಮಗಳನ್ನು ಕೈಗೊಂಡಿತೆಂಬ ಹೇಳಿಕೆಯನ್ನು ವರ್ಷವರ್ಷವೂ ಪ್ರಕಟಿಸಬೇಕು. ಆಡಳಿತ ಮಂಡಲಿಯು ಅದನ್ನು ಒಪ್ಪಿ, ನಿರ್ದೇಶಕನೊಬ್ಬನು ರುಜು ಹಾಕಬೇಕು. ದೊಡ್ಡ ಉದ್ಯಾನವ್ಯಾಪಾರಗಳೂ ಕಲ್ಲಿನ ವ್ಯಾಪಾರಗಳೂ ಇದಕ್ಕೆ ಒಳಪಟ್ಟಿವೆ. ಶಾಸನದಲ್ಲಿ ಒಂದು ದೌರ್ಬಲ್ಯವೂ ಉಂಟು: ಯಾವ ಕ್ರಮವನ್ನೂ ಕೈಗೊಂಡಿಲ್ಲವೆಂದು ಬರೆದು ಪ್ರಕಟಿಸಿದರೂ ಹೇಳಿಕೆಯು ಸಿಂಧುವೇ.

ಹೇಳಿಕೆಯನ್ನು ಪ್ರಕಟಿಸುವ ಪದ್ಧತಿಯು ನಮಗೆ ಹೊಸದಲ್ಲ. ಗುಜರಾತಿನ ಜುನಾಗಢದ ಬಳಿ, ಗಿರಿನಾರದ ತಪ್ಪಲಲ್ಲಿ, ಅಶೋಕನ ಧರ್ಮಲಿಪಿಗಳನ್ನು ಹೊತ್ತ ಬಂಡೆಯ ಮೇಲೆಯೇ ಮಹಾಕ್ಷತ್ರಪ ರುದ್ರದಾಮನ ಸಂಸ್ಕೃತ ಶಾಸನವೊಂದಿದೆ. ಅದರ ಕಾಲವು ಕ್ರಿ. ಶ. ೧೫೦ರ ಸುಮಾರು. ಬಿರುಮಳೆಗೆ ಒಡೆದುಹೋದ ಸುದರ್ಶನವೆಂಬ ಕೆರೆಯ ಕಟ್ಟೆಯನ್ನು ಅರಸನು ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದನೆಂದೂ, ಅದಕ್ಕಾಗಿ ಪ್ರಜೆಗಳನ್ನು ಕರದಿಂದಲಾಗಲಿ ವಿಷ್ಟಿಯಿಂದಲಾಗಲಿ ಪೀಡಿಸಲಿಲ್ಲವೆಂದೂ ಅಲ್ಲಿ ಕೊರೆಯಿಸಿದೆ. ಕಟ್ಟೆಯ ಉದ್ದಗಲಗಳು ಎಷ್ಟು ಹೊಗಳಿಕೆಗೆ ಯೋಗ್ಯವೋ, ಅದನ್ನು ಕಟ್ಟಿದ ಕೈಗಳು ಸ್ವತಂತ್ರವಾಗಿದ್ದವೆಂಬುದೂ ಅಷ್ಟೇ ಯೋಗ್ಯವೆಂದು ಆ ಶಾಸನಕರ್ತನು ತಿಳಿದಿದ್ದನು. ಇಂದಿನ ವ್ಯಾಪಾರಿಯೂ ತನ್ನ ಉದ್ಯಾನವನ್ನು ಕುರಿತು ಅಷ್ಟನ್ನು ಹೇಳಬಲ್ಲವನಾಗಬೇಕು. ಆದರೆ ಬರೆದ ಮಾತ್ರಕ್ಕೆ ಸತ್ಯವಾಗುವುದಿಲ್ಲ, ಪರೀಕ್ಷೆಗೆ ನಿಲ್ಲಬೇಕು.

ಉದ್ಯಾನದ ವ್ಯಾಪಾರವನ್ನು ನಡೆಸುವವರು ಮಾಡಬೇಕಾದುದೇನು? ಮೊದಲನೆಯದಾಗಿ, ಕಲ್ಲು, ಇಟ್ಟಿಗೆ, ಜಲ್ಲಿ, ಸಸಿ, ಗೊಬ್ಬರ, ಕೂಲಿಯಾಳು ಇವುಗಳಲ್ಲಿ ಒಂದೊಂದೂ ಎಲ್ಲಿಂದ ಬರುತ್ತದೆಂಬುದನ್ನು ಅಂಗಡಿಯ ಮಟ್ಟಕ್ಕೆ ನಿಲ್ಲಿಸದೆ, ಗಣಿಯ ಗೂಡಿನ ಮಟ್ಟದವರೆಗೂ ಬರೆದಿಡಬೇಕು. ಎರಡನೆಯದಾಗಿ, ಕೂಲಿಯು ಮೇಸ್ತ್ರಿಯ ಕೈಗೆ ಹೋಗದೆ, ಗಂಡಿಗೂ ಹೆಣ್ಣಿಗೂ ಅವರವರ ಹೆಸರಿನಲ್ಲಿ ಸಲ್ಲಬೇಕು. ಲೆಕ್ಕದ ಪ್ರತಿಯು ದುಡಿಯುವವರ ಬಳಿಯೂ ಇರಬೇಕು. ಮೂರನೆಯದಾಗಿ, ಕೆಲಸ ಕೊಡಿಸಿದ್ದಕ್ಕೆಂದು ಮಧ್ಯಸ್ಥನು ಕೆಲಸಗಾರನಿಂದ ಹಣವನ್ನು ಕೀಳಕೂಡದು; ಆ ಖರ್ಚು ಒಡೆಯನದು. ನಾಲ್ಕನೆಯದಾಗಿ, ಮುಂಗಡ ಕೊಟ್ಟರೆ ಅದು ಸಣ್ಣದಾಗಿರಲಿ, ಬಡ್ಡಿಯಿಲ್ಲದಿರಲಿ, ಬಾಕಿಯಿದ್ದರೂ ಆಳು ಬಿಟ್ಟುಹೋಗಲು ಅಡ್ಡಿಯಿಲ್ಲದಿರಲಿ. ಐದನೆಯದಾಗಿ, ಗಣಿಗೆ ಮುನ್ಸೂಚನೆ ಕೊಡದೆ ಹೋಗಿ, ದುಡಿಯುವವರನ್ನು ಅವರ ನುಡಿಯಲ್ಲಿಯೇ, ಮೇಸ್ತ್ರಿಯು ಎದುರಿಗಿಲ್ಲದಾಗ ಮಾತನಾಡಿಸಬೇಕು. ಆರನೆಯದು ಎಲ್ಲಕ್ಕಿಂತ ಕಠಿನ: ಹೆಚ್ಚು ಬೆಲೆಯನ್ನು ಕೊಡಲು ಸಿದ್ಧನಾಗಿರಬೇಕು. ಕೂಲಿಗೂ ಸಾಲದ ಬೆಲೆಗೆ ಕಲ್ಲನ್ನು ಕೇಳುತ್ತ, ಜೀತವು ಬೇಡವೆಂದು ಕಾಗದ ಬರೆಯುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ.

ಒಂದು ಎಚ್ಚರಿಕೆಯೂ ಅವಶ್ಯಕ. ಜೀತವು ಕಂಡುಬಂದೊಡನೆ ವ್ಯಾಪಾರಿಯು ಕೈತೊಳೆದುಕೊಂಡು ಬೇರೆ ಗಣಿಗೆ ಹೋದರೆ, ಹಸಿವಿನ ಭಾರವು ಆ ಕುಟುಂಬಗಳ ಮೇಲೆಯೇ ಬೀಳುತ್ತದೆ. ಮೊದಲು ಅವರ ಬಿಡುಗಡೆಗೂ ಬಾಕಿ ಕೂಲಿಗೂ ಏರ್ಪಾಡಾಗಬೇಕು; ಗಣಿಯವನು ತಿದ್ದಿಕೊಳ್ಳದಿದ್ದರೆ ಆಮೇಲೆ ಸಂಬಂಧವನ್ನು ಕಡಿಯಬೇಕು.

ಇನ್ನು ಮನೆವಂದಿಗರಿಗೆ ಎರಡು ಮಾತು. ನಿಮ್ಮ ಅಂಗಳದಲ್ಲಿ ಕಲ್ಲು ಹಾಸುವವರು ಬಂದಾಗ ನೀರು ಮಜ್ಜಿಗೆಗಳನ್ನು ಕೊಡುವ ಸಂಪ್ರದಾಯವು ನಮ್ಮಲ್ಲಿ ಇನ್ನೂ ಉಳಿದಿದೆ. ಆ ಹೊತ್ತಿನಲ್ಲಿಯೇ ಎರಡು ಕ್ಷೇಮವಾರ್ತೆಗಳನ್ನು ಕೇಳಿರಿ. ಯಾವ ಊರಿನವರು, ಹಬ್ಬಕ್ಕೆ ಊರಿಗೆ ಹೋಗುವಿರಾ, ಬಟವಾಡೆಯು ಯಾರ ಕೈಗೆ ಬರುತ್ತದೆ, ಮಕ್ಕಳು ಯಾವ ತರಗತಿಯಲ್ಲಿದ್ದಾರೆ? ಉತ್ತರ ಹೇಳುವ ಮೊದಲು ಅವರು ಮೇಸ್ತ್ರಿಯ ಮುಖವನ್ನು ನೋಡಿದರೆ, ಆಧಾರ ಚೀಟಿಯೂ ಪಡಿತರ ಚೀಟಿಯೂ ಅವನ ಬಳಿಯಿದ್ದರೆ, ಸಾಲವು ತೀರುವವರೆಗೆ ಹೋಗುವಂತಿಲ್ಲವೆಂದರೆ, ಓದುವ ವಯಸ್ಸಿನ ಮಗುವು ಜಲ್ಲಿಯ ಪುಟ್ಟಿಯನ್ನು ಹೊರುತ್ತಿದ್ದರೆ, ಎಚ್ಚರಗೊಳ್ಳಿರಿ. ಗದರಿಸಿ ಗಲಾಟೆಯನ್ನೆಬ್ಬಿಸಿದರೆ ಮೇಸ್ತ್ರಿಯು ರಾತ್ರೋರಾತ್ರಿ ಅವರನ್ನು ಬೇರೆಡೆಗೆ ಸಾಗಿಸುವನು. ಸದ್ದಿಲ್ಲದೆ ಜಿಲ್ಲಾಧಿಕಾರಿಗೋ ತಹಸೀಲ್ದಾರರಿಗೋ ತಿಳಿಸಿರಿ. ಜೀತದವರನ್ನು ಬಿಡಿಸುವ ಅಧಿಕಾರವೂ ಕರ್ತವ್ಯವೂ ಶಾಸನದಿಂದಲೇ ಜಿಲ್ಲಾಡಳಿತಕ್ಕೆ ಬಂದಿವೆ. ಮಕ್ಕಳ ವಿಷಯವಾದರೆ ೧೦೯೮, ಉಚಿತ ಕಾನೂನು ನೆರವಿಗೆ ೧೫೧೦೦ ಎಂಬ ದೂರವಾಣಿ ಸಂಖ್ಯೆಗಳಿವೆ.

ಬಿಡುಗಡೆಯು ಬರಿಯ ಆರಂಭ. ಬಿಡಿಸಿದವರಿಗೆ ಬಿಡುಗಡೆಯ ಪತ್ರವು ಸಿಗಬೇಕು. ಕೇಂದ್ರ ಸರ್ಕಾರವು ೨೦೧೬ರಲ್ಲಿ ಗೊತ್ತುಮಾಡಿದಂತೆ ವಯಸ್ಕ ಗಂಡಸಿಗೆ ೧ ಲಕ್ಷ, ಹೆಂಗಸರು ಮಕ್ಕಳಿಗೆ ೨ ಲಕ್ಷ, ಅತಿಕ್ರೂರವಾದ ಪ್ರಕರಣಗಳಲ್ಲಿ ೩ ಲಕ್ಷ ರೂಪಾಯಿಗಳ ಪುನರ್ವಸತಿಯ ನೆರವು ಅವರಿಗೆ ಸಲ್ಲತಕ್ಕದ್ದು. ಪತ್ರವೂ ನೆರವೂ ಇಲ್ಲದೆ ಊರಿಗೆ ಕಳುಹಿಸಿದವನು ಮುಂದಿನ ಮದುವೆಗೋ ಮುಂದಿನ ಜ್ವರಕ್ಕೋ ಮತ್ತೆ ಅದೇ ಮೇಸ್ತ್ರಿಯ ಮುಂದೆ ಕೈಚಾಚುವನು. ಅಕ್ಕಪಕ್ಕದವರು, ಶಾಲೆಯ ಉಪಾಧ್ಯಾಯರು, ಪಂಚಾಯತಿಯವರು ಈ ನೆರವು ಅವನ ಕೈಗೆ ತಲಪಿತೇ ಎಂದು ವಿಚಾರಿಸುತ್ತಿದ್ದರೆ ಅರ್ಧ ಕೆಲಸವು ಆದಂತೆಯೇ.

ನಮ್ಮ ಮನೆಗಳಲ್ಲಿ ಪೂಜೆಯ ಹೂವನ್ನು ಕದ್ದು ತರಬಾರದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಪರರ ಹಿತ್ತಿಲಿನ ಹೂವು ಎಷ್ಟು ಚೆಲುವಾದರೂ ದೇವರಿಗೆ ಸಲ್ಲದು. ಅದೇ ನೀತಿಯನ್ನು ಹೂವಿನ ಪಾತಿಯ ಸುತ್ತಲಿನ ಇಟ್ಟಿಗೆಗೂ, ಅದರ ಬಳಿಗೆ ನಡೆಯುವ ಚಪ್ಪಡಿಗೂ ವಿಸ್ತರಿಸುವುದು ಕಷ್ಟವಲ್ಲ. ದುಡಿದವನಿಗೆ ಅವನ ಕೂಲಿಯೂ, ಬೇಡವಾದಾಗ ಹೊರಟುಹೋಗುವ ದಾರಿಯೂ, ಅವನ ಮಗುವಿಗೆ ಪಾಠಶಾಲೆಯ ಮಣೆಯೂ ದೊರೆತಿವೆಯೆಂದು ತಿಳಿದುಕೊಂಡ ಮೇಲೆ ಆ ಕಲ್ಲಿನ ಮೇಲೆ ಕಾಲಿಡೋಣ. ಇಷ್ಟನ್ನು ವಿಚಾರಿಸಲು ದ್ರವ್ಯವಾಗಲಿ ಪಾಂಡಿತ್ಯವಾಗಲಿ ಬೇಡ. ಗುತ್ತಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ಕಾಲು ಗಂಟೆಯ ವ್ಯವಧಾನವಿದ್ದರೆ ಸಾಕು.